ಬಲಗಣ್ಣು ಸರಿದ ಗೊಂಬೆ

ಲಿಂಗಂಪಲ್ಲಿಯ ಆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಊಟದ ಮೇಜಿನ ಮೇಲಿಟ್ಟೆ. ಎದುರಿಗೆ ಕೂತವರನ್ನು ನಾನು ಚಿಕ್ಕವಳಿದ್ದಾಗಿನಿಂದ ಕಾಕಾ ಎಂದೇ ಕರೆಯುತ್ತೇನೆ. ಸರ್ಕಾರಿ ಕಾರ್ಖಾನೆಯಲ್ಲಿ ಎರಕದ ಕೆಲಸಕ್ಕೆ ಮರದ ಮಾದರಿ ಕೆತ್ತುತ್ತಿದ್ದವರು. ಬಿಡುವಿನಲ್ಲಿ, ಉಳಿದ ಮರದ ತುಂಡುಗಳಿಂದ, ಒಂದೇ ಬಗೆಯ ಗೊಂಬೆ ಮಾಡುತ್ತಿದ್ದರು. ಅಂಗೈಯುದ್ದ, ಹಸಿರು ಸೀರೆ, ಮೂಗುತಿ, ಮೈಗೆ ಅಂಟಿದ ಕೈಗಳು, ಕಾಲಿನ ಬದಲು ದುಂಡನೆಯ ಬುಡ. ನಮ್ಮ ಕ್ವಾರ್ಟರ್ಸಿನಲ್ಲಿ ಅದಿಲ್ಲದ ಕನ್ನಡದ ಮನೆಯನ್ನು ನಾನು ನೋಡಿಲ್ಲ.

ನಾನು ಮಣಿಕೊಂಡದಲ್ಲಿ ವಿಡಿಯೋ ಗೇಮ್ ಮಾಡುವ ಕಚೇರಿಯಲ್ಲಿದ್ದೇನೆ. ನಮ್ಮ ಹೊಸ ಆಟಕ್ಕೆ ಆ ಗೊಂಬೆಯೇ ನಾಯಕಿ. ಕಾಕಾ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದಿದ್ದರೆ ಐದು ತಿಂಗಳ ನನ್ನ ಕೆಲಸ ಕಸದ ಬುಟ್ಟಿಗೆ.

ಪರದೆಯ ಮೇಲೆ ಗೊಂಬೆ ವಾಲಾಡುತ್ತ ಬಾವಿಕಟ್ಟೆ ಹತ್ತಿತು. ಕಾಕಾನ ಹೆಂಡತಿ, ಕಾಕು, ಚಪ್ಪಾಳೆ ತಟ್ಟಿದರು. ಕಾಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದು ನನ್ನ ಗೊಂಬಿ ಅಲ್ಲ, ತಂಗಿ.”

“ಯಾಕ್ರಿ ಕಾಕಾ? ಸೀರಿ, ಸೆರಗು, ಎಲ್ಲಾ ಅಳತಿ ಹಿಡದು ಮಾಡೀನಿ.”

“ಎಲ್ಲಾ ಐತಿ. ಮಾರಿ ಇಲ್ಲ,” ಎಂದು ಪರದೆಯ ಗೊಂಬೆಯ ಮುಖದ ಮೇಲೆ ಬೆರಳಿಟ್ಟರು.

ಎದ್ದು ಗೋಡೆಯ ಶೆಲ್ಫಿನ ಮೂರು ಗೊಂಬೆಗಳನ್ನು ಒಂದೊಂದಾಗಿ ನೋಡಿದೆ. ಮೂರರಲ್ಲೂ ಬಲಗಣ್ಣಿನ ಪಾಪೆ ಎಳ್ಳುಕಾಳಿನಷ್ಟು ಮೇಲಕ್ಕೆ, ಕಿವಿಯ ಕಡೆಗೆ ಸರಿದಿತ್ತು. ನಮ್ಮ ಮನೆಯ ಗೊಂಬೆಯಲ್ಲೂ ಅದನ್ನು ಕಂಡಿದ್ದೆ. ಕುಂಚ ಜಾರಿದೆ ಎಂದುಕೊಂಡಿದ್ದೆ. ನಮ್ಮ ಕೆಲಸದಲ್ಲಿ ಮುಖದ ಅರ್ಧವನ್ನಷ್ಟೇ ಮಾಡಿ, ಇನ್ನರ್ಧಕ್ಕೆ ಅದನ್ನೇ ಕನ್ನಡಿಯಂತೆ ತಿರುಗಿಸುತ್ತೇವೆ. ನಾನು ಎಡ ಅರ್ಧ ಮಾಡಿದ್ದೆ, ಹಾಗಾಗಿ ಬಲಗಣ್ಣೂ ನೆಟ್ಟಗೆ ನೋಡುತ್ತಿತ್ತು. ಮೂಗುತಿ ಎರಡೂ ಕಡೆ ಬಂದಾಗ ಒಂದನ್ನು ಅಳಿಸಿದ್ದೆ. ಅಲ್ಲೇ ಎಚ್ಚರಾಗಬೇಕಿತ್ತು.

“ಕೂಸು ಗೊಂಬೀನ ಎಡಗೈಯಾಗ ಅವಚಿ ಹಿಡೀತೈತಿ,” ಎಂದು ಕಾಕಾ ತಮ್ಮ ತೋಳಲ್ಲೇ ಒಂದನ್ನು ಇಟ್ಟುಕೊಂಡು ತೋರಿಸಿದರು. “ಎರಡೂ ಕಣ್ಣು ನೆಟ್ಟಗ ಬರದ್ರ ಗೊಂಬಿ ಗ್ವಾಡಿ ನೋಡತೈತಿ. ಹಿಂಗ ಬರದ್ರ ಕೂಸಿನ ಮಾರಿ ನೋಡತೈತಿ.”

“ನಲವತ್ತು ವರ್ಷ ಆತು,” ಎಂದರು ಕಾಕು, “ಇವರು ನನ್ನ ಮಾರಿ ಒಂದಿನಾನೂ ಹಂಗ ನೋಡಿಲ್ಲ ನೋಡವಾ.”

“ನೀ ನನ್ನ ಒಂದಿನಾರೆ ಎಡಗೈಯಾಗ ಅವಚಿ ಹಿಡದೀಯೇನು?”

ಕಾಕು ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು.

ಅಲ್ಲೇ ಊಟದ ಮೇಜಿನ ಮೇಲೆ ಬಲ ಅರ್ಧವನ್ನು ಅಳಿಸಿದೆ. ಗೊಂಬೆಯನ್ನು ಎದುರಿಗಿಟ್ಟುಕೊಂಡು, ಆ ಕಡೆಯ ಹುಬ್ಬು, ಕೆನ್ನೆ, ಕಣ್ಣು ಎಲ್ಲವನ್ನೂ ಹೊಸದಾಗಿ ಮಾಡಿದೆ. ಕಾಕಾ ಪಕ್ಕದಲ್ಲೇ ಕೂತು, “ಇನ್ನೊಂದು ಕೂದಲೆಳಿ ಮ್ಯಾಲ... ಭಾಳ ಆತು, ಇಳಸು,” ಎನ್ನುತ್ತಿದ್ದರು. ಎರಡು ಸಲ ಚಹಾ ಆಯಿತು. ಆಟದಲ್ಲಿ ನೋಡುವವರ ಕಣ್ಣು, ಅಂದರೆ ಕ್ಯಾಮೆರಾ, ಗೊಂಬೆಯ ಬಲಕ್ಕೆ, ತುಸು ಮೇಲಿರುವಂತೆಯೂ ಮಾಡಿದೆ. ಸಂಜೆಯ ಹೊತ್ತಿಗೆ ಪರದೆಯ ಗೊಂಬೆ ನಡೆಯುವುದನ್ನು ನಿಲ್ಲಿಸಿ ಓರೆಗಣ್ಣಲ್ಲಿ ನಮ್ಮನ್ನು ನೋಡಿತು.

ಕಾಕಾ ಪತ್ರ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ ಸಹಿ ಹಾಕಿದರು. ಆಮೇಲೆ ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದುಕೊಂಡರು. ಮೊದಲ ಹೆಜ್ಜೆಗೇ ಗೊಂಬೆಯನ್ನು ಬಾವಿಗೆ ಬೀಳಿಸಿದರು.

“ಅಯ್ಯ, ಮುಳುಗಿಸಿದ್ರಲ್ಲರಿ!” ಎಂದರು ಕಾಕು.

“ಮುಳುಗೂದಿಲ್ಲ ಬಿಡ, ಕಟ್ಟಿಗೀದು,” ಎಂದರು ಕಾಕಾ. “ತಂಗಿ, ಇದು ತೇಲೂ ಹಂಗ ಮಾಡು.”