ಧೂಳಲ್ಲಿದ್ದ ನಮ್ಮ ಹೆಸರು

ಇವತ್ತು ನಂಜನಗೂಡಿನ ಹೊರಗೆ ಎತ್ತಿನ ಗಾಡಿಯೊಂದು ಎದುರಾಯಿತು. ಲಾಳದ ಸದ್ದಿಗೆ ದಾದಾ, ನಮ್ಮಪ್ಪನ ಅಪ್ಪ, ನೆನಪಾದರು.

ನಮ್ಮದು ನಾಲ್‌ಬಂದ್ ಮನೆತನ, ಎತ್ತುಗಳಿಗೆ ಲಾಳ ಕಟ್ಟುವವರು. ದಾದಾ ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ ಕೆಲಸ ಮಾಡುತ್ತಿದ್ದರು, ಹಾಗಾಗಿ ಮಾತು ಕಡಿಮೆ. ಈ ಹೆಸರು ನಮಗೆ ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿದೆ. ಅವರು ಮೊಳೆಗಳನ್ನು ಅಂಗೈಗೆ ಉಗಿದು, ಹದಿನಾರು ಎಂಬ ಊರಿನ ದಾರಿಯ ಧೂಳಲ್ಲಿ ಮೂಡಿದ್ದ ಎತ್ತಿನ ಹೆಜ್ಜೆ ತೋರಿಸಿದರು.

"ಕೊನೇ ಮೊಳೆ ಒಂಚೂರು ಒಳಕ್ಕದೆ, ನೋಡಮ್ಮ. ನಮ್ಮ ದಾದಾನೂ ಹಿಂಗೇ ಹೊಡೀತಿದ್ರು. ಎತ್ತು ಯಾರದಾದ್ರೂ ಆಗ್ಲಿ, ಹೆಜ್ಜೆ ನಮ್ದು."

ಅವರು ಹೋದ ಮೇಲೆ ಆ ಸುತ್ತಿಗೆಯನ್ನು ಯಾರೂ ಹಿಡಿಯಲಿಲ್ಲ. ಈಗ ಹೆಸರು ಉಳಿದಿರುವುದು ನನ್ನ ಆಧಾರ್ ಕಾರ್ಡಿನಲ್ಲಿ ಮಾತ್ರ.

ಗಾಡಿ ಟಾರು ಬಿಟ್ಟು ಮಣ್ಣಿಗಿಳಿಯುವವರೆಗೂ ಹಿಂದೆಯೇ ನಡೆದೆ. ಬಗ್ಗಿ ಎತ್ತಿನ ಹೆಜ್ಜೆ ನೋಡಿದೆ. ಮೊಳೆಗಳೆಲ್ಲ ಒಂದೇ ಸಾಲಿನಲ್ಲಿದ್ದವು.