ಪಾಂಡಿಯರಾಜನ್‌ನ ಕಂಪ್ಯೂಟರೂ ಪಿಚ್ಚೈ ಅತ್ತೆಯ ಕಡಸೂ

ತಮಿಳುನಾಡಿನ ಕಂಬಂನಲ್ಲಿ ದ್ರಾಕ್ಷಿ ಕೊಳ್ಳುವವರು ಗೊಂಚಲನ್ನು ಮೇಲಿನಿಂದ ನೋಡಿ ಬೆಲೆ ಹೇಳುವುದಿಲ್ಲ. ತೊಟ್ಟು ಹಿಡಿದು ಎತ್ತುತ್ತಾರೆ, ಒಮ್ಮೆ ಅಲುಗಿಸುತ್ತಾರೆ, ಎಷ್ಟು ಹಣ್ಣು ಉದುರುತ್ತದೆ ನೋಡುತ್ತಾರೆ. ಆ ಕಣ್ಣಿನಿಂದ ನೋಡಿದರೆ ಪಾಂಡಿಯರಾಜನ್ ಮಧ್ಯಮ ದರ್ಜೆಯ ಸರಕು, ಪ್ಯಾಕಿಂಗ್ ಮಾತ್ರ ಒಂದನೇ ದರ್ಜೆ. ನಲವತ್ತರ ಆಸುಪಾಸು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ. ಜೇಬಿನಲ್ಲಿ ಎರಡು ಪೆನ್ನು, ಒಂದು ಬರೆಯುವುದಕ್ಕೆ, ಇನ್ನೊಂದು ಕಾಣುವುದಕ್ಕೆ. ಓದಿದ್ದು ಬಿ.ಕಾಂ.; ಆಡಿಟರ್ ಅಲ್ಲ. ಜನ ‘ಆಡಿಟರೇ’ ಎಂದು ಕರೆದರೆ ತಿದ್ದುವ ಅಭ್ಯಾಸವೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ತೆಂಗಿನಕಾಯಿ ಮಂಡಿಯ ಮಾಳಿಗೆಯ ಮೇಲೆ ಕೂತು ನಮ್ಮ ಕನ್ನಡದ ಮನೆಗಳ ಆದಾಯ ತೆರಿಗೆಯ ಕಾಗದಗಳನ್ನೆಲ್ಲ ಅವನೇ ತುಂಬುತ್ತಿದ್ದ. ಕೈ ಶುದ್ಧ, ಫೀಸು ಕಡಿಮೆ. ಅಲುಗಿಸಿದರೆ ಉದುರುತ್ತಿದ್ದದ್ದು ಒಂದೇ ಹಣ್ಣು: ‘ಗೊತ್ತಿಲ್ಲ’ ಎನ್ನುವುದಕ್ಕೆ ಅವನಿಗೆ ಬಾಯಿ ಬರುತ್ತಿರಲಿಲ್ಲ.

ತೊಂಬತ್ತೊಂಬತ್ತನೆಯ ಇಸವಿಯ ಮಾರ್ಚಿನಲ್ಲಿ ಅವನು ಕಂಪ್ಯೂಟರ್ ತರಿಸಿದ. ಜೊತೆಗೆ ಮಧುರೆಯ ಒಂದು ಸಣ್ಣ ಅಂಗಡಿಯವರು ತಾವೇ ತಯಾರಿಸಿದ ತೆರಿಗೆಯ ಸಾಫ್ಟ್‌ವೇರನ್ನು ಫ್ಲಾಪಿಗಳಲ್ಲಿ ತುಂಬಿ ಕಳಿಸಿದ್ದರು. ವರ್ಷ ಮುಗಿಯುವ ಮೊದಲೇ ವರಮಾನ ಹಾಕಿದರೆ ಸಾಕು, ಎಷ್ಟು ತೆರಿಗೆ ಬರುತ್ತದೆ, ಪೋಸ್ಟಾಫೀಸಿನಲ್ಲಿ ಎಷ್ಟು ಉಳಿತಾಯ ಹಾಕಿದರೆ ಎಷ್ಟು ಇಳಿಯುತ್ತದೆ, ಎಲ್ಲವನ್ನೂ ಅದು ಹೇಳುತ್ತದೆ ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದ. ಹೆಂಡತಿ ಮುತ್ತುಸೆಲ್ವಿಯ ತಮ್ಮ ವೇಲು, ಬೋಡಿಮೆಟ್ಟಿನ ಎಸ್ಟೇಟುಗಳಿಂದ ಏಲಕ್ಕಿ ತಂದು ಮಾರುವವನು, ಭಾವನನ್ನು ಕೇಳಿದ್ದ: “ಮಚ್ಚಾನ್, ಇಷ್ಟು ವರ್ಷ ಪೆನ್ಸಿಲಿನಲ್ಲಿ ಮಾಡ್ತಿದ್ದೆಯಲ್ಲ, ಪೆನ್ಸಿಲಿಗೆ ಕರೆಂಟು ಬೇಕಿತ್ತಾ?” ಆ ಮಾತು ಪಾಂಡಿಯರಾಜನ್‌ಗೆ ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತ್ತು.

ತಿಂಗಳ ಕೊನೆಯ ಶುಕ್ರವಾರ ಪೂಜೆ. ಪರದೆಗೆ ಚಂದನ, ಕುಂಕುಮ. ಕೀಬೋರ್ಡಿನ ಪಕ್ಕ ನಿಂಬೆಹಣ್ಣು. ಬೆಂಚಿನ ತುಂಬ ಜನ. ಮೊದಲ ಬೋಣಿ ಹಿರಿಯರದಾಗಲಿ ಎಂದು ಪಿಚ್ಚೈಯಮ್ಮಾಳನ್ನು ಕೂರಿಸಿದರು. ಆಕೆ ಅವನಿಗೆ ವರಸೆಯಲ್ಲಿ ಅತ್ತೆ. ಗಂಡ ಬಿಟ್ಟುಹೋದ ಎರಡು ಅಂಗಡಿಗಳ ಬಾಡಿಗೆ, ಒಂದು ಪನ್ನೀರ್ ದ್ರಾಕ್ಷಿ ತೋಟ, ಇಷ್ಟು ಆಕೆಯ ಆಸ್ತಿ. ಬೋರಿನ ಸಾಲಕ್ಕೆ ಬ್ಯಾಂಕಿನವರು ಕಾಗದ ಕೇಳುತ್ತಾರೆಂದು ವರ್ಷಾವರ್ಷ ಲೆಕ್ಕ ಒಪ್ಪಿಸುತ್ತಿದ್ದಳು. ಬಾಡಿಗೆ ತೆರಿಗೆಯ ಮಿತಿಯೊಳಗೇ ಇತ್ತು. ತೋಟದ ವರಮಾನಕ್ಕೆ ತೆರಿಗೆ ಇಲ್ಲ, ಬೇರೆಯಾಗಿ ತೋರಿಸಿದರೆ ಮುಗಿಯಿತು. ಹಾಗಾಗಿ ಆಕೆ ಎಂದೂ ಬಿಡಿಗಾಸು ಕಟ್ಟಿದವಳಲ್ಲ. ಪಾಂಡಿಯರಾಜನ್‌ಗೆ ಇದು ಕಣ್ಣು ಮುಚ್ಚಿದರೂ ಗೊತ್ತು.

ಬಾಡಿಗೆ ಹಾಕಿದ. ಆಮೇಲೆ ‘ಕೃಷಿ ವರಮಾನ’ ಎಂಬ ಸಾಲಿಗೆ ಹೋಗಿ ಗುಂಡಿ ಒತ್ತಿದ. ಈ ಭಾಗ ಇನ್ನೂ ತಯಾರಾಗುತ್ತಿದೆ ಎಂದು ಇಂಗ್ಲಿಷಿನಲ್ಲಿ ಬಂತು. ಮತ್ತೆ ಒತ್ತಿದ. ಮತ್ತೆ ಅದೇ. ಒಂದು ಕಾಲು ತೋಟದಲ್ಲಿ, ಒಂದು ಕಾಲು ಅಂಗಡಿಯಲ್ಲಿ ಇಟ್ಟು ಬದುಕುವ ಈ ಕಣಿವೆಗೆ ಕೃಷಿಯ ಭಾಗವೇ ಇಲ್ಲದ ಸಾಫ್ಟ್‌ವೇರ್ ಬಂದಿತ್ತು.

“ಏನ್ ಮಚ್ಚಾನ್, ಸಾಮಿ ಬಾಗಿಲು ತೆರೆಯಲಿಲ್ಲವಾ?” ಎಂದ ವೇಲು, ಬೆಂಚಿನಿಂದ.

ಜನ ನಕ್ಕರು. ಪಾಂಡಿಯರಾಜನ್‌ನ ಕಿವಿ ಬಿಸಿಯಾಯಿತು. ‘ಇದು ಪೂರ್ತಿಯಾಗಿಲ್ಲ’ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ತೋಟದ ವರಮಾನವನ್ನು ‘ಇತರೆ’ ಎಂಬ ಸಾಲಿನಲ್ಲಿ ತುಂಬಿಬಿಟ್ಟ. ಈಗ ಪೂಜೆ ಸಾಂಗವಾಗಲಿ, ಎಲ್ಲರೂ ಹೋದ ಮೇಲೆ ಸರಿ ಮಾಡೋಣ ಎಂಬ ಲೆಕ್ಕ. ತೆರಿಗೆ ಪಟ್ಟನೆ ಬಂತು. ದೊಡ್ಡದಾಗಿಯೇ ಬಂತು.

ಪಿಚ್ಚೈಯಮ್ಮಾಳ್ ಕನ್ನಡಕ ಸರಿಮಾಡಿಕೊಂಡಳು. “ಇದೇನು ಪಾಂಡಿ? ಇಷ್ಟು ವರಿ ನಾನು ಕಟ್ಟಬೇಕಾ?”

“ಹಾಗೇ ಬರ್ತದೆ ಅತ್ತೆ. ಇದಕ್ಕೇ ಅಲ್ಲವಾ ಪ್ಲಾನಿಂಗ್ ಅನ್ನೋದು,” ಎಂದ. ಆ ಸಾಫ್ಟ್‌ವೇರಿನಲ್ಲಿ ತೆರಿಗೆ ಇಳಿಸುವುದಕ್ಕೆಂದು ಪೂರ್ತಿಯಾಗಿ ತಯಾರಾಗಿದ್ದ ಒಂದೇ ಒಂದು ಭಾಗ ದಾನಧರ್ಮದ್ದು. ಅದನ್ನು ತೆರೆದು ಒಂದು ಅಂಕಿ ಹಾಕಿ ತೋರಿಸಿದ. ತೆರಿಗೆ ಜರ್ರನೆ ಇಳಿಯಿತು. “ನೋಡಿ, ಕೋಯಿಲಿಗೆ ಕೊಟ್ಟರೆ ಇಳೀತದೆ.”

ಬೆಂಚಿನಿಂದ ‘ಆಹಾ’ ಎಂಬ ಸದ್ದು ಬಂತು. ವೇಲು ಕೂಡ ನಗು ನಿಲ್ಲಿಸಿ ಕತ್ತು ಚಾಚಿದ. ಪಾಂಡಿಯರಾಜನ್‌ಗೆ ಆ ಕ್ಷಣ ತುಂಬ ಹಿತವಾಗಿತ್ತು. ಹಿತ ಎಷ್ಟಿತ್ತೆಂದರೆ ಬೆಂಚಿನಲ್ಲಿದ್ದ ಇನ್ನೂ ಮೂವರಿಗೆ ಅದೇ ರೀತಿ ಲೆಕ್ಕ ಹಾಕಿ ಹೇಳಿ ಕಳಿಸಿದ.

ಸಂಜೆ ಎಸ್‌.ಟಿ.ಡಿ. ಬೂತಿನಿಂದ ಮಧುರೆಗೆ ಫೋನು ಮಾಡಿದ.

“ಸಾರ್, ಕೃಷಿ ಮುಂದಿನ ಫ್ಲಾಪಿಯಲ್ಲಿ ಬರ್ತದೆ,” ಎಂದ ಆ ಕಡೆಯ ಹುಡುಗ ತಮಿಳಿನಲ್ಲಿ.

“ಮುಂದಿನದು ಯಾವಾಗ?”

“ಏಪ್ರಿಲ್ ಮಧ್ಯಕ್ಕೆ, ಸಾರ್.”

“ಮಾರ್ಚ್ ಮುಗಿಯೋದರೊಳಗೆ ಪ್ಲಾನ್ ಮಾಡೋದಕ್ಕೆ ಏಪ್ರಿಲ್‌ನಲ್ಲಿ ಫ್ಲಾಪಿಯಾ ತಂಬಿ?”

“ಇಲ್ಲಿ ಕೊಂಡವರೆಲ್ಲ ಜವಳಿ ಅಂಗಡಿಯವರು ಸಾರ್. ಯಾರೂ ತೋಟ ಕೇಳಲಿಲ್ಲ.”

ಪಾಂಡಿಯರಾಜನ್ ರಿಸೀವರನ್ನು ಕುಟ್ಟಿ ಇಟ್ಟ. ಬೂತಿನವನು ರಿಸೀವರನ್ನು ತಿರುಗಿಸಿ ನೋಡಿ, “ಅದು ನನ್ನದು ಅಣ್ಣಾ,” ಎಂದ. ನಾಳೆ ಶನಿವಾರ, ಪೆನ್ಸಿಲಿನಲ್ಲೇ ಲೆಕ್ಕ ಮಾಡಿ, ಒಬ್ಬೊಬ್ಬರನ್ನೇ ಮೆಲ್ಲಗೆ ಕರೆದು, ಕಂಪ್ಯೂಟರೇ ಇನ್ನೂ ಇಳಿಸಿತು ಎಂದು ಹೇಳಿದರಾಯಿತು ಎಂದುಕೊಂಡು ಮನೆಗೆ ಹೋದ.

ಬೆಳಿಗ್ಗೆ ಮುತ್ತುಸೆಲ್ವಿ ಕಾಫಿ ಲೋಟ ಇಡುತ್ತ ಹೇಳಿದಳು, “ಪಿಚ್ಚೈ ಅತ್ತೆ ಕಡಸಿಗೆ ಹಾರ ಹಾಕಿಕೊಂಡು ದೇವರ ಮಂದೆಗೆ ಹೊಡಕೊಂಡು ಹೋದರು. ಪಾಪ, ಅಮುದಾಗೆ ಅಂತ ಸಾಕಿದ್ದು. ನೀವೇ ಹೇಳಿದಿರಂತೆ?”

ಈ ಕಣಿವೆಯ ಕನ್ನಡದವರು ತಲೆತಲಾಂತರದಿಂದ ಸಾಕಿಕೊಂಡು ಬಂದ ದೇವರ ದನಗಳ ಮಂದೆ ಕಂಬಂನಲ್ಲಿದೆ. ಹರಕೆ ಹೊತ್ತವರು ಕರು ಕೊಡುತ್ತಾರೆ. ಕೊಟ್ಟ ಮೇಲೆ ಅದು ಸಾಮಿಯದು. ಮನೆಗೆ ಹಾಲು ಕರೆಯುವಂತಿಲ್ಲ, ಮಾರುವಂತಿಲ್ಲ. ವಾಪಸ್ಸು ಕೇಳುವುದಂತೂ ಯಾರ ಬಾಯಲ್ಲೂ ಬಾರದ ಮಾತು. ಕೋಯಿಲಿಗೆ ಕೊಡು ಎಂದರೆ ಬೇರೆ ಊರಿನವರು ದೇವಸ್ಥಾನದಲ್ಲಿ ರಸೀದಿ ಹರಿಸಿಕೊಂಡು ನೋಟು ಕೊಟ್ಟಾರು. ಪಿಚ್ಚೈಯಮ್ಮಾಳ್‌ಗೆ ಕೊಡುವುದೆಂದರೆ ಹಗ್ಗ ಹಿಡಿದು ಕೊಡುವುದು. ಆ ಕಡಸು ಮೊಮ್ಮಗಳು ಅಮುದಾಳದು. ಚಿನ್ನಮನೂರಿನಲ್ಲಿ ಗಂಡನ ಜೊತೆ ಹೊಸದಾಗಿ ಬೇರೆ ಮನೆ ಹೂಡಿದ್ದ ಅವಳಿಗೆ ಅಜ್ಜಿ ಕೊಡುತ್ತೇನೆಂದು ಮಾತು ಕೊಟ್ಟಿದ್ದಳು.

ಕಾಫಿ ಹಾಗೇ ಉಳಿಯಿತು. ಸೈಕಲ್ ತುಳಿಯುತ್ತ ಪಾಂಡಿಯರಾಜನ್ ದಾರಿಯುದ್ದಕ್ಕೂ ಒಂದೇ ಮಾತು ಯೋಚಿಸಿದ. ಸುಮ್ಮನಿದ್ದುಬಿಟ್ಟರೆ? ಅತ್ತೆಯ ತೆರಿಗೆ ಹೇಗೂ ಸೊನ್ನೆ. ಸೊನ್ನೆ ಬಂದದ್ದು ಕಡಸಿನಿಂದ ಎಂದು ಆಕೆ ನಂಬುತ್ತಾಳೆ. ಸಾಮಿಗೆ ದನ, ಅತ್ತೆಗೆ ಪುಣ್ಯ, ತನಗೆ ಹೆಸರು. ವ್ಯಾಪಾರದಲ್ಲಿ ಮೂರು ಕಡೆಯವರೂ ಸಂತೋಷಪಡುವ ವ್ಯವಹಾರ ಅಪರೂಪ. ಯೋಚಿಸಿದಷ್ಟೂ ಅದು ಚೆಂದ ಕಾಣುತ್ತಿತ್ತು. ಚೆಂದ ಕಂಡಷ್ಟೂ ಅವನಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು.

ಮಂದೆಯ ಬೇಲಿಯ ಹತ್ತಿರ ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಕಡಸಿನ ಹಣೆಗೆ ಅರಿಶಿನ ಬಿದ್ದಿತ್ತು. ಮಂದೆ ನೋಡಿಕೊಳ್ಳುವ ಮುದುಕ ಆಂಡಿ ಮೂಗುದಾರದ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದ. ಪಿಚ್ಚೈಯಮ್ಮಾಳ್ ಪಾಂಡಿಯರಾಜನ್‌ನನ್ನು ಕಂಡು ಕೈ ಎತ್ತಿ ಕರೆದಳು.

“ಬಾ ಪಾಂಡಿ, ನಿನ್ನ ಹೆಸರನ್ನೇ ಹೇಳ್ತಿದ್ದೆ. ಮನಸ್ಸಿಗೆ ಸಂಕಟ ಆಯ್ತು, ಸುಳ್ಳು ಹೇಳಬಾರದು. ಆದರೂ ವರಿಯೂ ಇಳೀತು, ಪುಣ್ಯವೂ ಬಂತು. ಓದಿದವನು ಅಂದರೆ ಹೀಗಿರಬೇಕು ಕಣಪ್ಪಾ.”

ಆಕೆಯ ಹಿಂದೆ ಇನ್ನೊಬ್ಬರು ನಿಂತಿದ್ದರು, ಶುಕ್ರವಾರ ಬೆಂಚಿನಲ್ಲಿದ್ದ ಮೂವರಲ್ಲಿ ಒಬ್ಬರಾದ ಚೆಲ್ಲಮ್ಮಾಳ್. ಅವರ ಕೈಯಲ್ಲೂ ಒಂದು ಹಗ್ಗ. ಹಗ್ಗದ ತುದಿಯಲ್ಲಿ ಈಗಷ್ಟೇ ಹುಲ್ಲು ಕಚ್ಚಲು ಕಲಿತ ಕರು.

ಪಾಂಡಿಯರಾಜನ್ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಲು ಹೋದ, ಅದು ಬಿತ್ತು. ಎತ್ತಲಿಲ್ಲ.

“ಚೆಲ್ಲತ್ತೆ, ಕರು ಕೊಡಬೇಡಿ,” ಎಂದ. “ವರಿ ಇಲ್ಲ. ನಿಮಗೂ ಇಲ್ಲ, ಪಿಚ್ಚೈ ಅತ್ತೆಗೂ ಇಲ್ಲ. ಯಾವ ವರ್ಷವೂ ಇರಲಿಲ್ಲ.”

“ನೆನ್ನೆ ಕಂಪ್ಯೂಟರಿನಲ್ಲಿ ಬಂತಲ್ಲ?” ಎಂದರು ಚೆಲ್ಲಮ್ಮಾಳ್.

“ಕಂಪ್ಯೂಟರಿಗೆ ತೋಟ ಗೊತ್ತಿಲ್ಲ. ಆ ಭಾಗ ಇನ್ನೂ ಮಾಡಿಲ್ಲ ಅವರು. ನಾನು ದ್ರಾಕ್ಷಿಯನ್ನ ತಪ್ಪು ಸಾಲಿನಲ್ಲಿ ಹಾಕಿದೆ. ತಪ್ಪು ಅಂತ ಗೊತ್ತಿದ್ದೇ ಹಾಕಿದೆ. ವೇಲು ನಗ್ತಿದ್ದ,” ಎಂದ. ಹೇಳಿದ ಮೇಲೆ ಆ ಕಾರಣ ಎಷ್ಟು ಸಣ್ಣದು ಎಂದು ಅವನಿಗೇ ಕೇಳಿಸಿತು. “ದನ ಕೊಟ್ಟರೆ ವರಿ ಇಳಿಯೋದೂ ಇಲ್ಲ, ದುಡ್ಡು ಕೊಟ್ಟ ರಸೀದಿ ಬೇಕು. ಅದೂ ಸುಳ್ಳೇ.”

ಚೆಲ್ಲಮ್ಮಾಳ್ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. ಪಿಚ್ಚೈಯಮ್ಮಾಳ್ ಬೇಲಿಯಾಚೆ ನೋಡಿದಳು. ಕಡಸು ಆಗಲೇ ಮಂದೆಯೊಳಗೆ ಸೇರಿ, ಯಾವುದೋ ಮುದಿ ಹಸುವಿನ ಪಕ್ಕ ನಿಂತಿತ್ತು.

“ನಮ್ಮ ಲಕ್ಷ್ಮಿಯನ್ನ ಹಿಡಕೊಂಡು ಬರ್ತೀನಿ ಅತ್ತೆ. ಈಗಲೇ. ಅಮುದಾಗೆ ಕೊಡಿ,” ಎಂದ ಪಾಂಡಿಯರಾಜನ್. ಅದು ಅವನ ಮನೆಯ ಕರೆಯುವ ಹಸು.

“ಅದನ್ನ ಸಾಕಿದ್ದು ಯಾರು? ನೀನಾ, ಮುತ್ತುಸೆಲ್ವಿಯಾ?”

“ಮುತ್ತುಸೆಲ್ವಿ,” ಎಂದ.

“ಹೆಂಡತಿ ಸಾಕಿದ ಹಸು ಹಿಡಕೊಂಡು ಬಂದು ನಿನ್ನ ಮುಖ ತೊಳಕೋಬೇಡ,” ಎಂದಳು ಮುದುಕಿ. ಧ್ವನಿ ಏರಿರಲಿಲ್ಲ, ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. “ಸಾಮಿಗೆ ಕೊಟ್ಟದ್ದು ಸಾಮಿಗೆ. ಅದನ್ನ ನಾನು ಕೇಳೋದಿಲ್ಲ. ಆದರೆ ಅಮುದಾ ಮುಂದೆ ನಿಂತು ಹೇಳೋದಕ್ಕೆ ನನ್ನಿಂದ ಆಗಲ್ಲ. ಕೊಟ್ಟಿಗೆಗೆ ನೆಲ ಬಡಿದು ಕಾಯ್ತಾ ಇದ್ದಾಳೆ ಹುಡುಗಿ. ನೀನೇ ಹೋಗು. ಕಂಪ್ಯೂಟರ್ ತಪ್ಪು ಮಾಡಿತು ಅಂತ ಹೇಳಿದೆಯೋ, ನನಗೆ ಗೊತ್ತಾಗ್ತದೆ.”

ಆಂಡಿ ಬಿದ್ದ ಸೈಕಲ್ಲನ್ನು ಎತ್ತಿ ಕೊಟ್ಟು, “ಬ್ರೇಕು ಒಂದು ಸಾರಿ ನೋಡಿಕೋ ಆಡಿಟರೇ,” ಎಂದ. ‘ಆಡಿಟರೇ’ ಎಂಬ ಮಾತನ್ನು ಪಾಂಡಿಯರಾಜನ್ ಮೊದಲ ಸಲ ತಿದ್ದಿದ. “ಆಡಿಟರ್ ಅಲ್ಲ ತಾತ, ನಾನು.”

ಚಿನ್ನಮನೂರಿಗೆ ಬಸ್ಸಿನಲ್ಲಿ ಹೋದ. ಸೀಟು ಖಾಲಿ ಇದ್ದರೂ ನಿಂತುಕೊಂಡೇ ಹೋದ. ಅಮುದಾಳ ಮನೆಯ ಹಿತ್ತಲಲ್ಲಿ ಹೊಸ ಗೂಟ, ಮಣ್ಣಿನ ಹೊಸ ಬಾನಿ. ಅವಳಿಗೆ ಕನ್ನಡ ತಿಳಿಯುತ್ತದೆ, ಮಾತು ಹೆಚ್ಚಾಗಿ ತಮಿಳೇ. ಅವನು ಎಲ್ಲವನ್ನೂ ಹೇಳಿದ. ಕಂಪ್ಯೂಟರಿನ ಮೇಲೆ ಏನನ್ನೂ ಹಾಕಲಿಲ್ಲ. ಅವಳು ಅಳಲಿಲ್ಲ, ಬಯ್ಯಲಿಲ್ಲ. “ಅಜ್ಜಿ ಊಟ ಮಾಡಿದರಾ?” ಎಂದು ಕೇಳಿದಳು. ಅವನಿಗೆ ಅದೂ ಗೊತ್ತಿರಲಿಲ್ಲ. “ಗೊತ್ತಿಲ್ಲಮ್ಮಾ,” ಎಂದ. ಅವಳು ಅವನಿಗೆ ನೀರು ಕೊಟ್ಟಳು. ನಿಂತೇ ಕುಡಿದು, ಬಾಗಿಲ ತನಕ ಹೋಗಿ, ಮತ್ತೆ ಬಂದು ಲೋಟ ಕೊಟ್ಟ. ಕೈಯಲ್ಲೇ ಉಳಿದಿತ್ತು.

ಏಪ್ರಿಲ್‌ಗೆ ಎಂದಿದ್ದ ಕೃಷಿಯ ಭಾಗ ಮಧುರೆಯವರ ಫ್ಲಾಪಿಯಲ್ಲಿ ಮುಂದಿನ ವರ್ಷ ಬಂತು, ಚೆನ್ನಾಗಿಯೇ ಬಂತು. ಪಿಚ್ಚೈಯಮ್ಮಾಳ್ ಲೆಕ್ಕ ಒಪ್ಪಿಸಲು ಅವನ ಹತ್ತಿರವೇ ಬಂದಳು. ಪರದೆಯ ಕಡೆ ಬೆನ್ನು ಹಾಕಿ ಕೂತು, “ನೀನೇ ಹೇಳು, ಅದು ಬೇಡ,” ಎಂದಳು. ಮಂದೆ ಬೀದಿಯಲ್ಲಿ ಹಾದುಹೋದಾಗ ಪಾಂಡಿಯರಾಜನ್ ಇಂದಿಗೂ ಮಾಳಿಗೆಯಿಂದ ಇಣುಕುವುದಿಲ್ಲ. ಆ ದನಗಳಲ್ಲಿ ಅತ್ತೆಯ ಕಡಸು ಯಾವುದೆಂದು ಅವನು ಗುರುತು ಹಿಡಿಯಬಲ್ಲ.

ಆ ಶನಿವಾರ ಚಿನ್ನಮನೂರಿನಿಂದ ಹಿಂದಿರುಗಿದ ಅವನು ಮನೆಗೆ ಹೋಗಲಿಲ್ಲ. ತಪ್ಪು ಲೆಕ್ಕ ಹೇಳಿದ್ದ ಉಳಿದಿಬ್ಬರ ಬಾಗಿಲಿಗೂ ಹೋಗಿ ಅದೇ ಮಾತನ್ನು ಪೂರ್ತಿ ಹೇಳಿದ. ಆ ಇಬ್ಬರಲ್ಲಿ ಒಬ್ಬ ಈ ಸಾಲುಗಳನ್ನು ಬರೆಯುತ್ತಿರುವ ದ್ರಾಕ್ಷಿ ವ್ಯಾಪಾರಿ. ಇಷ್ಟು ತೆರಿಗೆ ಕಟ್ಟಿ ತೋಟ ಇಟ್ಟುಕೊಳ್ಳುವುದು ನಷ್ಟವೆಂದು, ಸೋಮವಾರ ಅದನ್ನು ಬೇರೆಯವರಿಗೆ ಬಿಟ್ಟುಕೊಡಲು ನಾನು ಮಾತು ಮುಗಿಸಿದ್ದೆ. ತೋಟ ನನ್ನ ಹತ್ತಿರವೇ ಇದೆ. ಅದು ಉಳಿದದ್ದು ಪಾಂಡಿಯರಾಜನ್‌ನಿಂದ.