ಶಂಭುಲಿಂಗಪ್ಪನವರ ನಾಲ್ಕು ಮಾತು

ಚಾಮರಾಜಪೇಟೆಯಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ, ಬಿದಿರು ತರಲು ಒಬ್ಬರು ಓಡಿದರೆ ಶಂಭುಲಿಂಗಪ್ಪನವರನ್ನು ಕರೆತರಲು ಇನ್ನೊಬ್ಬರು ಓಡುತ್ತಿದ್ದರು. ಎರಡೂ ಅಷ್ಟೇ ಅಗತ್ಯ ಎಂದು ಪೇಟೆಯ ಜನ ನಂಬಿದ್ದರು.

ಶಂಭುಲಿಂಗಪ್ಪನವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ಪಿಂಚಣಿ ಪಡೆದವರು. ಹಣೆಯ ಮೇಲೆ ಅಗಲವಾದ ವಿಭೂತಿ, ತಲೆಗೆ ಜರಿಯಂಚಿನ ರುಮಾಲು, ಬಿಸಿಲಿರಲಿ ಇಲ್ಲದಿರಲಿ ಕಂಕುಳಲ್ಲಿ ಕೊಡೆ. ಸಾವಿನ ಮನೆಗೆಂದೇ ಜರಿಯಿಲ್ಲದ ರುಮಾಲೊಂದನ್ನು ಬೇರೆ ಇಟ್ಟುಕೊಂಡಿದ್ದರು. ದೊಡ್ಡ ಪ್ಲೇಗಿನ ವರ್ಷ, ಹತ್ತಿರದ ಬಂಧುಗಳೇ ಹೊಸಿಲು ತುಳಿಯಲು ಹೆದರುತ್ತಿದ್ದಾಗ, ಇವರೊಬ್ಬರು ಒಳಗೆ ಹೋಗಿ ಕೂತು ನಾಲ್ಕು ಮಾತು ಆಡಿ ಬರುತ್ತಿದ್ದರು. ಆ ಉಪಕಾರವನ್ನು ಜನ ಮರೆಯಲಿಲ್ಲ. ಶಂಭುಲಿಂಗಪ್ಪನವರೂ ಆ ನಾಲ್ಕು ಮಾತನ್ನು ಮರೆಯಲಿಲ್ಲ. ವರ್ಷಗಳು ಉರುಳಿದ ಹಾಗೆ ಅವು ನುಣುಪಾಗಿ, ಉದ್ದವಾಗಿ, ಮುಕ್ಕಾಲು ಗಂಟೆಯ ಉಪನ್ಯಾಸವಾಗಿದ್ದವು.

ಮೊದಲು ಬಾಡಿಗೆ ಮನೆ. ಈ ದೇಹ ನಮ್ಮದಲ್ಲ, ಮಾಲೀಕ ಬಿಡು ಎಂದಾಗ ಬೀಗದ ಕೈ ಕೊಟ್ಟು ಹೊರಡಬೇಕು. ಆಮೇಲೆ ರೈಲು. ನಾವೆಲ್ಲ ಒಂದೇ ಡಬ್ಬಿಯಲ್ಲಿ ಕೂತವರು, ಅವರವರ ಸ್ಟೇಷನ್ ಬಂದಾಗ ಅವರವರು ಇಳಿಯುತ್ತಾರೆ. ಹೆಂಗಸರು ಅಳುತ್ತಿದ್ದುದು ಇಲ್ಲಿ. ಅದಾದ ಮೇಲೆ ಪುಣ್ಯ. ಥಟ್ಟನೆ ಸತ್ತಿದ್ದರೆ ನರಳದೆ ಹೋದ ಪುಣ್ಯವಂತರು; ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರೆ ನರಳಿ ಕರ್ಮ ಕಳೆದುಕೊಂಡ ಪುಣ್ಯವಂತರು. ಹೇಗೆ ಸತ್ತರೂ ಶಂಭುಲಿಂಗಪ್ಪನವರ ಕೈಯಲ್ಲಿ ಪುಣ್ಯ ತಪ್ಪುತ್ತಿರಲಿಲ್ಲ. ಕೊನೆಗೆ ದನಿ ತಗ್ಗಿಸಿ, "ನಾವು ಅತ್ತರೆ ಅವರು ನಡೆಯೋ ದಾರಿ ಕೆಸರಾಗತ್ತೆ. ಏಳಿ, ಒಂದು ಲೋಟ ಕಾಫಿ ಕುಡೀರಿ" ಎನ್ನುವರು.

ಈ ಉಪನ್ಯಾಸಕ್ಕೆ ಬೆಲೆ ಕೊಡದ ಜೀವ ಪೇಟೆಯಲ್ಲಿ ಒಂದೇ ಒಂದು. ಅವರ ಅಕ್ಕ ಗಿರಿಜಾಂಬಾ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಸಾಕಿದವರು. ತಮ್ಮನ ಹೆಂಡತಿಯೂ ಮಕ್ಕಳಾಗುವ ಮೊದಲೇ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ. ತಮ್ಮ ಜರಿಯಿಲ್ಲದ ರುಮಾಲು ಸುತ್ತಿಕೊಂಡು ಹೊರಟರೆ ಸಾಕು, "ಸತ್ತವರು ಪುಣ್ಯವಂತರು ಅನ್ನೋದು ನಿಜಾನೇ ಕಣೋ, ನಿನ್ನ ಮಾತು ಕೇಳೋ ಹಾಗಿಲ್ಲವಲ್ಲ" ಎಂದು ಅಡಿಗೆಮನೆಯಿಂದಲೇ ಕೂಗುವರು.

ಆ ಗಿರಿಜಾಂಬಾ ಒಂದು ಸೋಮವಾರ ಬೆಳಿಗ್ಗೆ, ಒದ್ದೆ ಕೊಡೆಯನ್ನು ಒಳಗೆ ತಂದದ್ದಕ್ಕೆ ತಮ್ಮನನ್ನು ಚೆನ್ನಾಗಿ ಬೈದು, ಅಡಿಗೆಮನೆಗೆ ಹೋಗಿ ಗೋಡೆಗೊರಗಿ ಕೂತವರು ಮತ್ತೆ ಏಳಲಿಲ್ಲ.

ಮಣ್ಣಾಯಿತು. ಮಾರನೆಯ ದಿನ ಬೆಳಗಾಗುತ್ತಲೇ ಸಮಾಧಾನ ಹೇಳುವವರು ಬರತೊಡಗಿದರು. ಮೊದಲು ಬಂದವರು ಬೆಲ್ಲದ ಮಂಡಿಯ ಮಾಯಣ್ಣ. ಚಾಪೆಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು.

"ನೋಡಿ ಸ್ವಾಮಿ, ಈ ದೇಹ ಅನ್ನೋದು ಒಂದು ಬಾಡಿಗೆ ಮನೆ."

ಶಂಭುಲಿಂಗಪ್ಪನವರು ಬೆಚ್ಚಿಬಿದ್ದರು. ಅದೇ ಮಾತು, ಅದೇ ರಾಗ, 'ಮನೆ'ಯ ಹತ್ತಿರ ಅದೇ ನಿಲುಗಡೆ. ಆದರೆ ಕೇಳಿಸಿಕೊಳ್ಳುವ ಚಾಪೆಯ ಮೇಲೆ ಕೂತಾಗ ಇದು ಬೇರೆಯೇ ಆಗಿ ಕೇಳಿಸಿತು. ಇಷ್ಟು ವರ್ಷ ಗುಡಿಸಿ ಸಾರಿಸಿಕೊಂಡಿದ್ದವಳನ್ನು ಒಂದು ಮಾತೂ ಹೇಳದೆ ಹೊರಗೆ ಹಾಕಿದನಲ್ಲ, ಇವನೆಂಥ ಮಾಲೀಕ ಎಂದು ಸಿಟ್ಟು ಬಂತು.

ಅಷ್ಟರಲ್ಲಿ ಮರದ ಡಿಪೋದ ಧರ್ಮರಾಜು ಬಂದ. ಚಿಕ್ಕಂದಿನಿಂದ ಇವರ ಉಪನ್ಯಾಸ ಕೇಳುತ್ತ ಬೆಳೆದ ಹುಡುಗ, ಈಗ ಸಂಸಾರಸ್ಥ. ಅವನೂ ಕೈಮುಗಿದು ಕೂತು, "ಸ್ವಾಮಿ, ಈ ದೇಹ ಅನ್ನೋದು..." ಎನ್ನುತ್ತಿದ್ದಂತೆ ಮಾಯಣ್ಣ ಮೊಣಕೈಯಿಂದ ತಿವಿದರು.

"ಅದು ಆಯ್ತು. ನೀನು ರೈಲಿಂದ ಶುರು ಮಾಡು."

ಧರ್ಮರಾಜು ರೈಲು ಹತ್ತಿದ. "ನಾವೆಲ್ಲ ಒಂದೇ ಡಬ್ಬೀಲಿ ಕೂತೋರು ಸ್ವಾಮಿ. ಅಕ್ಕೋರ ಸ್ಟೇಷನ್ ಬಂತು, ಇಳಿದ್ರು..."

"ಅವಳು ಹುಟ್ಟಿದಾಗಿಂದ ರೈಲು ಹತ್ತಿದವಳಲ್ಲ ಕಣಯ್ಯಾ!" ಎಂದು ಶಂಭುಲಿಂಗಪ್ಪನವರು ಗುಡುಗಿದರು. "ಅದರ ಸಿಳ್ಳೆ ಕೇಳಿದ್ರೇನೇ ಕಿವಿ ಮುಚ್ಕೋತಿದ್ಲು!"

ಮಾಯಣ್ಣ ಧರ್ಮರಾಜುವಿನ ಕಿವಿಯಲ್ಲಿ, "ದುಃಖ. ಪುಣ್ಯಕ್ಕೆ ಹೋಗು" ಎಂದರು.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಮತ್ತೆ ರೈಲು ಬಂದು ಹೋಗಿ, ಶಂಭುಲಿಂಗಪ್ಪನವರಿಗೆ ತಲೆ ಸಿಡಿಯತೊಡಗಿತು. ಕಣ್ಣಲ್ಲಿ ಮಾತ್ರ ಒಂದು ಹನಿ ನೀರಿಲ್ಲ. ಕೈಕಾಲು ತೊಳೆದು ಬರುತ್ತೇನೆಂದು ಹಿತ್ತಲಿಗೆ ಹೋದವರು ಹಿತ್ತಲ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಕೊಂಡು ನುಗ್ಗೆಮರದ ಕೆಳಗೆ ಕೂತುಬಿಟ್ಟರು.

"ಗಿರಿಜಕ್ಕಾ, ಸೊಪ್ಪೂ!"

ಹಿತ್ತಲ ಗೇಟು ತಳ್ಳಿಕೊಂಡು ಬಂದವಳು ಮುತ್ಯಾಲಮ್ಮ. ಕೆಂಪಾಂಬುಧಿ ಕೆರೆಯ ಕೆಳಗೆ ತರಕಾರಿ ಬೆಳೆಯುವ ತಿಗಳರ ಹೆಂಗಸು. ಮಗಳ ಬಾಣಂತನಕ್ಕೆಂದು ಹೊಸಕೋಟೆ ಕಡೆ ಹೋಗಿದ್ದವಳು ಆವತ್ತೇ ಬಂದಿದ್ದಳು.

"ಏನ್ ಯಜಮಾನ್ರೆ, ಇಲ್ಲಿ ಕುಂತಿದೀರಿ? ಅಕ್ಕ ಎಲ್ಲಿ?"

ಅಷ್ಟು ಸಾವಿನ ಮನೆಗಳಲ್ಲಿ ಮಾತಾಡಿದ್ದ ಶಂಭುಲಿಂಗಪ್ಪನವರು, "ಅಕ್ಕ ಹೋದಳಮ್ಮ, ನಿನ್ನೆ" ಎಂದರು.

ಮುತ್ಯಾಲಮ್ಮ ಕುಕ್ಕೆಯನ್ನು ಇಳಿಸಿ ನೆಲದ ಮೇಲೆಯೇ ಕೂತಳು. ಇದ್ದಕ್ಕಿದ್ದಂತೆ ಅಡಿಗೆಮನೆಯ ಕಿಟಕಿಯ ಕಡೆ ಕೈ ಚಾಚಿ ಬೈಯತೊಡಗಿದಳು.

"ಏನವ್ವಾ ಇದು ನ್ಯಾಯ? ಹೋದ ಸಲ ದಂಟು ಬಲ್ತೈತೆ ಅಂತ ನನ್ನ ಮುಖಕ್ಕೆ ಎಸೆದೆ. ಇವತ್ತು ಎಳೇದು ಕಿತ್ಕೊಂಡು ಬಂದ್ರೆ ನೀನೇ ಇಲ್ಲ ಅಂದ್ರೆ? ಇನ್ನು ನಾನು ಯಾರ ಕೂಡ ಜಗಳ ಆಡ್ಲಿ?" ಸೆರಗಿನಿಂದ ಮೂಗೊರೆಸಿಕೊಂಡು ಇವರ ಕಡೆ ತಿರುಗಿದಳು. "ಹೆಂಗೋದ್ರು ಯಜಮಾನ್ರೆ? ಏನ್ ಮಾಡ್ತಿದ್ರು?"

ಬೆಳಗಿನಿಂದ ಬಂದವರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ.

"ನನ್ನನ್ನ ಬೈತಿದ್ಲು" ಎಂದರು ಶಂಭುಲಿಂಗಪ್ಪನವರು. "ಕೊಡೆ ಒಳಗೆ ತಂದೆ ಅಂತ."

"ತಪ್ಪಲ್ವಾ ಮತ್ತೆ? ನೆಲ ಎಲ್ಲ ನೀರಾಗಲ್ವಾ?"

"ಆಗತ್ತೆ, ಆಗತ್ತೆ" ಎನ್ನುತ್ತಲೇ ಅವರಿಗೆ ಅಳು ನುಗ್ಗಿತು. ರುಮಾಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡು ಮಗುವಿನ ಹಾಗೆ ಅತ್ತರು. ಯಾರ ದಾರಿ ಕೆಸರಾಯಿತೆಂದು ಯೋಚಿಸಲಿಲ್ಲ. ಮುತ್ಯಾಲಮ್ಮ ತಡೆಯಲಿಲ್ಲ, ಅವಳೂ ಅತ್ತಳು. ಮಧ್ಯೆ ಮಧ್ಯೆ ಗಿರಿಜಕ್ಕನ ಜಗಳಗಳನ್ನು ಒಂದೊಂದಾಗಿ ಹೇಳಿದಳು. ಅಕ್ಕ ಕೊತ್ತಂಬರಿಯನ್ನು ಕೊಸರು ಹಾಕಿಸಿಕೊಂಡು, ಆಮೇಲೆ ಕೊಸರೇ ಬಾಡಿದೆ ಎಂದು ವಾಪಸು ಕೊಟ್ಟದ್ದನ್ನು ಕೇಳಿ ಶಂಭುಲಿಂಗಪ್ಪನವರು ಅಳುವಿನ ನಡುವೆಯೇ ನಕ್ಕುಬಿಟ್ಟರು.

"ನಿಮ್ಮ ಮಾತೂ ಆಡ್ತಿದ್ರು" ಎಂದಳು ಅವಳು. "ಊರೋರ ಮನೇಲೆಲ್ಲಾ ಗಂಟೆಗಟ್ಲೆ ಮಾತಾಡ್ತಾನೆ, ಮನೆಗೆ ಬಂದ್ರೆ ಕಂಬದ ಹಂಗೆ ಕೂತಿರ್ತಾನೆ, ಅದಕ್ಕೇ ಬೈತೀನಿ ಮುತ್ಯಾಲಿ, ಬೈದ್ರಾದ್ರೂ ಒಂದು ಮಾತು ಆಡ್ತಾನೆ ಅಂತ."

ಒಳಗಿನಿಂದ ಯಾರೋ ಹಿತ್ತಲ ಬಾಗಿಲನ್ನು ಬಡಿಯುತ್ತಿದ್ದರು. ಶಂಭುಲಿಂಗಪ್ಪನವರು ಬಹಳ ಹೊತ್ತು ಚಿಲಕ ತೆಗೆಯಲಿಲ್ಲ.

ಆಮೇಲೆ ಕೆಲವು ತಿಂಗಳು ಅವರು ಯಾವ ಸಾವಿನ ಮನೆಗೂ ಹೋಗಲಿಲ್ಲ. ಆದರೆ ಧರ್ಮರಾಜುವಿನ ತಂದೆ ಅರ್ಜುನಪ್ಪ ತೀರಿಕೊಂಡಾಗ ಅವನೇ ಬಂದು ಕರೆದ. ಹೋಗದೆ ವಿಧಿಯಿರಲಿಲ್ಲ.

ಪಡಸಾಲೆಯ ತುಂಬ ಜನ. ಮಾಗಡಿಯಿಂದ ಬಂದ ನೆಂಟರು ಇವರ ಖ್ಯಾತಿ ಕೇಳಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಶಂಭುಲಿಂಗಪ್ಪನವರು ಅರ್ಜುನಪ್ಪನ ಹೆಂಡತಿ ದ್ರೌಪದಮ್ಮನ ಎದುರು ಕೂತು ಸುಮ್ಮನಾದರು. ನೆಂಟರು ಕಾದರು. ಧರ್ಮರಾಜು ಕಾದ. ಕೊನೆಗೆ ಅವನು ಬಗ್ಗಿ, "ಸ್ವಾಮಿ, ರೈಲು?" ಎಂದು ಪಿಸುಗುಟ್ಟಿದ.

"ಇವತ್ತು ಇಲ್ಲಪ್ಪ" ಎಂದರು. ಮಾಗಡಿಯವರ ಮುಖ ಸಪ್ಪಗಾಯಿತು. ನಮ್ಮ ಸಾವಿಗೆ ಇಷ್ಟೇ ಮರ್ಯಾದೆಯೇ ಎಂದು ಒಬ್ಬರು ಗೊಣಗಿದ್ದೂ ಕೇಳಿಸಿತು. ಶಂಭುಲಿಂಗಪ್ಪನವರು ದ್ರೌಪದಮ್ಮನ ಕಡೆ ನೋಡಿ, "ಹೇಗಿದ್ರಮ್ಮ ಅರ್ಜುನಪ್ಪನೋರು, ಮನೇಲಿ?" ಎಂದು ಕೇಳಿದರು.

ಎರಡು ದಿನದಿಂದ ಬಾಯಿ ಬಿಡದಿದ್ದ ಆಕೆ ತಲೆಯೆತ್ತಿದಳು.

"ಒದೀತಿದ್ರು."

ಮಾಗಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿದ್ದೇಲಿ" ಎಂದಳು ದ್ರೌಪದಮ್ಮ. "ಮೊದಲು ಮರದ ಗಾಡಿ ಹೊಡೀತಿದ್ರಲ್ಲ. ಡಿಪೋ ಇಟ್ಟ ಮೇಲೂ ಕನಸಲ್ಲಿ ಗಾಡಿ ಬಿಡಲಿಲ್ಲ. ರಾತ್ರಿ ಆದ್ರೆ 'ಹೋಯ್, ಎಡಕ್ಕೆ!' ಅಂತ ನನ್ನ ಪಕ್ಕೆಗೆ ಒಂದು ಕೊಡೋರು. ನಾನು ಎಡಗಡೆ ಎತ್ತು."

"ಹೌದಾ ಅವ್ವಾ?" ಎಂದ ಧರ್ಮರಾಜು, ಕಣ್ಣರಳಿಸಿ.

"ಒಂದು ಸಲ ಮಾತ್ರ," ಎನ್ನುತ್ತ ಆಕೆ ಸೆರಗಿನಿಂದ ಕಣ್ಣೊತ್ತಿಕೊಂಡಳು, ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಒಂದು ಸಲ ಒದ್ದು, 'ಪಾಪ, ಸಾಕಾಯ್ತೇನೋ, ನೀರು ಕುಡಿ' ಅಂತ ಬೆನ್ನು ಸವರಿದ್ರು. ನಾನು ಬೆಳಗಿನವರೆಗೂ ಅಲುಗಾಡಲಿಲ್ಲ."

ಮಾಗಡಿಯವರು ಮೆಲ್ಲನೆ ಮುಂದಕ್ಕೆ ಸರಿದು ಕೂತರು.